ಹಗೇವಿನ ಪಾಲು

ಹೆಂಗಸರು ಅರಳೆ ಹಿಂಜುವ ಕಮಾನು ಹಿಡಿಯಬಾರದು ಎಂದು ತಿಕೋಟಾದ ಪಿಂಜಾರ ಓಣಿಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಹಿಡಿದವರು ಇರಲಿಲ್ಲ, ಅಷ್ಟೆ. ಮಕ್ತುಮಬಿ ಹಿಡಿದಳು. ಗಂಡ ಹಸನಸಾಬ ಸಾವಿರದ ಒಂಬೈನೂರ ಅರವತ್ತಾರರಲ್ಲಿ ತೀರಿಕೊಂಡ. ವಿಧವೆ ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮರುವಾರ ಅವಳು ಗೋಡೆಯ ಗೂಟದಿಂದ ಕಮಾನು ಇಳಿಸಿ, ತಂತಿ ಬಿಗಿದು, ಪಡಸಾಲೆಯಲ್ಲಿ ಕುಳಿತಳು. ಹಿರಿಯರು ಗೊಣಗಿದರು. ಅದೇ ವರ್ಷದ ಮದುವೆಯ ದಿನಗಳಲ್ಲಿ ಹೊನವಾಡದಿಂದ ಬಬಲೇಶ್ವರದವರೆಗೆ ಗಾದಿ ತುಂಬಿಕೊಡಲು ಬೇರೆ ಕೈ ಸಿಗದೆ ಹೋದಾಗ ಗೊಣಗು ತಾನಾಗಿ ನಿಂತಿತು. ಗಾದಿ ಬೇಕಾದವನಿಗೆ ತುಂಬುವ ಕೈ ಗಂಡೋ ಹೆಣ್ಣೋ ಎಂಬ ಚಿಂತೆ ಬಹಳ ದಿನ ಇರುವುದಿಲ್ಲ.

ಮಗಳು ಅಬೇದಾಳನ್ನು ತೊರವಿಗೆ ಕೊಟ್ಟ ಮೇಲೆ ಮಕ್ತುಮಬಿ ಮನೆಯಲ್ಲಿ ಒಬ್ಬಳೇ. ಹಾಗೆಂದು ಅಯ್ಯೋ ಪಾಪ ಎನ್ನಲು ಅವಳು ಯಾರಿಗೂ ಅವಕಾಶ ಕೊಟ್ಟವಳಲ್ಲ. ಬಸ್ಸಿನಲ್ಲಿ ಆಳುದ್ದದ ಕಮಾನು ಎಲ್ಲಿಡಬೇಕೆಂದು ಕಂಡಕ್ಟರನ ಜೊತೆ ಜಗಳ, ಅರಳೆಗೆ ಹಳೆಯ ಗಾದಿಯ ಹೊಟ್ಟು ಬೆರೆಸಿ ಮಾರುವ ವ್ಯಾಪಾರಿಯ ಜೊತೆ ಜಗಳ. ದಿನ ತುಂಬಿಸಲು ಇಷ್ಟು ಸಾಕಾಗಿತ್ತು. ಎರಡು ತಿಂಗಳಿಗೊಮ್ಮೆ ವಿಜಾಪುರದ ಜಿನ್ನಿಗೆ, ಎಂದರೆ ಹತ್ತಿಯಿಂದ ಕಾಳು ಬಿಡಿಸುವ ಗಿರಣಿಗೆ, ಹೋಗಿ ನೆಲಕ್ಕೆ ಬಿದ್ದ ಕಸರು ಅರಳೆ ಗುಡಿಸಿ ತರುತ್ತಿದ್ದಳು. ಗಿರಣಿಯವರಿಗೆ ಅದು ಕಸ. ಅವಳಿಗೆ ಅದು ಬಡವರ ಮನೆಯ ತಲೆದಿಂಬು.

ಗೋಡೆಗೆ ಗೋಡೆ ಹತ್ತಿದ ಮನೆ ಹುಚ್ಚವ್ವನದು. ಅವಳ ಮಗ ಯಲಗೂರಪ್ಪನಿಗೆ ಹೊನವಾಡ ದಾರಿಯಲ್ಲಿ ಹೊಲ, ಹೊಲದ ಬಾವಿಯ ಮೇಲೆ ಡೀಸಲ್ ಇಂಜಿನ್ನು, ಮನೆಯಲ್ಲಿ ಹೆಂಡತಿ ಮಲಕವ್ವ. ಅರವತ್ತು ದಾಟಿದ ಹುಚ್ಚವ್ವ ಮಧ್ಯಾಹ್ನ ಮಕ್ತುಮಬಿಯ ಕಟ್ಟೆಗೆ ಬಂದು, ಕೇಳದೆಯೇ ಒಂದು ಹಿಡಿ ಅರಳೆ ತೆಗೆದುಕೊಂಡು, ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಊರ ಸುದ್ದಿ ಹೇಳುತ್ತಿದ್ದಳು. ಇಪ್ಪತ್ತೈದು ವರ್ಷ ಇಬ್ಬರೂ ಒಂದೇ ಬಾವಿಯ ನೀರು ಸೇದಿದವರು. ಓಣಿಯ ಇಳಿಜಾರಿನಲ್ಲಿ, ಮಕ್ತುಮಬಿಯ ಹಿತ್ತಲಿನಿಂದ ನಲವತ್ತು ಹೆಜ್ಜೆ ಕೆಳಗೆ ಇದ್ದ ಹುಣಸಿಬಾವಿ ಅದು. ಆರು ಮನೆಗಳು ಅದನ್ನೇ ಕುಡಿಯುತ್ತಿದ್ದವು.

ಮಕ್ತುಮಬಿಯ ಹಿತ್ತಲಿನಲ್ಲಿ ಒಂದು ಹಗೇವು ಇತ್ತು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಒಂದೂವರೆ ಆಳಿನ ಆಳ. ಜೋಳ ತುಂಬಿಡುವ ನೆಲದೊಳಗಿನ ಕಣಜ. ಹಿಂಜಿಸಿಕೊಂಡ ರೈತರು ಸುಗ್ಗಿಯಲ್ಲಿ ಕೊಟ್ಟ ಜೋಳ ಮಾವನ ಕಾಲದಲ್ಲಿ ಅದರ ಕುತ್ತಿಗೆಯವರೆಗೆ ಬರುತ್ತಿತ್ತಂತೆ. ಹಗೇವು ಹೊಂದಿಸುವುದರಲ್ಲಿ ಮಕ್ತುಮಬಿಯದು ಎತ್ತಿದ ಕೈ. ಒಳಗೆ ಉರಿ ಹಾಕಿ ಗೋಡೆಯ ಹಸಿ ಆರಿಸುವುದು, ಸುತ್ತ ಜೋಳದ ಒಣ ದಂಟಿನ ಕಣಕಿ ನಿಲ್ಲಿಸುವುದು, ಬಾಯಿಗೆ ಮಣ್ಣು ಮೆತ್ತುವುದು, ಎಲ್ಲಕ್ಕೂ ಓಣಿಯವರು ಅವಳನ್ನೇ ಕರೆಯುತ್ತಿದ್ದರು. ಎಷ್ಟು ಚೆನ್ನಾಗಿ ಹೊಂದಿಸಿದರೂ ಗೋಡೆಗೆ ಹತ್ತಿದ ಒಂದಿಷ್ಟು ಕಾಳು ಕಪ್ಪಾಗಿ ಕೆಡುತ್ತದೆ. ಅದಕ್ಕೆ ಯಾರೂ ಅಳುವುದಿಲ್ಲ. ಹಗೇವಿನ ಪಾಲು ಎಂದು ತೆಗೆದಿಟ್ಟುಬಿಡುತ್ತಾರೆ. ಎಪ್ಪತ್ತೆರಡರ ಬರಗಾಲದಲ್ಲಿ ಅವಳ ಹಗೇವು ತಳ ಕಂಡಿತು. ಆಮೇಲೆ ತುಂಬಲಿಲ್ಲ.

ಎಪ್ಪತ್ತನಾಲ್ಕರ ಸಂಕ್ರಾಂತಿಯ ಹೊತ್ತಿಗೆ ಡೀಸಲ್ಲಿಗೆ ಹಾಹಾಕಾರ. ಪಂಪಿನ ಮುಂದೆ ಡಬ್ಬಿಗಳ ಸಾಲು. ಹೆಚ್ಚು ಕೂಡಿಟ್ಟವನ ಮೇಲೆ ಕೇಸು. ಯಲಗೂರಪ್ಪ ಅಲ್ಲಿ ಇಲ್ಲಿ ಹಿಡಿದು ಮೂರು ಬ್ಯಾರಲ್ ಕೂಡಿಸಿದ್ದ. ಗೋದಿ ಹಾಲುಗಾಳಿನಲ್ಲಿತ್ತು, ಹೊಸದಾಗಿ ಹಚ್ಚಿದ ದ್ರಾಕ್ಷಿ ಬಳ್ಳಿ ಇತ್ತು. ಒಂದು ಮಧ್ಯಾಹ್ನ ಬಂದು ಮಕ್ತುಮಬಿಯ ಕಟ್ಟೆಯ ಮೇಲೆ ಕುಳಿತ.

"ಅಕ್ಕಾ, ನಿಮ್ಮ ಹಗೇವು ಖಾಲಿ ಐತೆಲ್ಲ?"

"ಐತಿ. ಜ್ವಾಳಾ ಇಡಾಂವೇನು?"

"ಜ್ವಾಳಾ ಅಲ್ರಿ, ಎಣ್ಣಿ. ನನ್ನ ಮನ್ಯಾಗ ಇಟ್ರ ಸಾಯೇಬ್ರು ಬಂದು ಎತ್ತಿಕೊಂಡ ಹೋಗ್ತಾರ. ನಿಮ್ಮ ಹಿತ್ತಲಾ ಯಾರ ನೋಡ್ತಾರ?"

"ಸೋರಿದ್ರ?"

"ಬ್ಯಾರಲ್ ಎಲ್ಲಿ ಸೋರ್ತಾವ್ರಿ. ಅದೂ ನೀವು ಹೊಂದಿಸಿದ ಹಗೇವದಾಗ."

ಆ ಕೊನೆಯ ಮಾತು ಕೆಲಸ ಮಾಡಿತು. ಹೊಗಳಿಕೆಗೆ ಬೀಳುವ ಹೆಂಗಸು ತಾನಲ್ಲ ಎಂದು ಮಕ್ತುಮಬಿಗೆ ತನ್ನ ಬಗ್ಗೆ ಗಟ್ಟಿ ನಂಬಿಕೆ ಇತ್ತು. ಅಂಥವರೇ ಬೇಗ ಬೀಳುವುದು. ಹತ್ತು ವರ್ಷ ಜೋಳ ಕಾಯುವ ಹಗೇವು ಹತ್ತು ವಾರ ಎಣ್ಣೆ ಕಾಯದೇನು ಎಂದು ಲೆಕ್ಕ ಹಾಕಿ, ಉರಿ ಹಾಕಿ, ಕಣಕಿ ನಿಲ್ಲಿಸಿ, ಜೋಳಕ್ಕೆ ಮಾಡುವುದನ್ನೆಲ್ಲ ಡೀಸಲ್ಲಿಗೂ ಮಾಡಿದಳು. ಬಾಯಿಯನ್ನು ಒಂದು ಗೇಣು ಅಗಲ ಮಾಡಿ, ಹಗ್ಗ ಕಟ್ಟಿ ಬ್ಯಾರಲ್ ಇಳಿಸಿದರು. ಮೊದಲು ಇಳಿದು ತಳದಲ್ಲಿ ನಿಂತದ್ದು ಬಹಳ ಹಳೆಯ ಬ್ಯಾರಲ್, ಅಂಚು ತುಕ್ಕು ತಿಂದಿತ್ತು.

ಎರಡು ಬ್ಯಾರಲ್ ಗೋದಿಗೆ, ಬಳ್ಳಿಗೆ ಹೋದವು. ಬೇಸಿಗೆಯಲ್ಲಿ ಮೂರನೆಯದಕ್ಕೆ ಕೈಪಂಪು ಇಳಿಬಿಟ್ಟಾಗ ಸ್ವಲ್ಪ ಹೊತ್ತಿಗೇ ಬರೇ ಗಾಳಿ ಬಂತು. ಮುಕ್ಕಾಲು ಬ್ಯಾರಲ್ ಇರಲಿಲ್ಲ. ಯಲಗೂರಪ್ಪ ಹಗೇವಿನ ಬಾಯಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ಒಳಗೆ ನೋಡಿದ.

"ಎಲ್ಲಿ ಹೋತ್ರಿ ಅಕ್ಕಾ?"

"ಹಗೇವಿನ ಪಾಲು," ಅಂದಳು ಮಕ್ತುಮಬಿ.

ಯಾವ ದೇಶದ ಜಾಣರೂ ಮಾಡದ ತಪ್ಪು ಇದು. ಜೋಳ ಇಟ್ಟು ಬೆಳೆದವರು ಮಾತ್ರ ಮಾಡಬಲ್ಲರು. ಕೆಟ್ಟ ಕಾಳು ಗೋಡೆಗೆ ಹತ್ತಿ ಅಲ್ಲೇ ಇರುತ್ತದೆ. ಎಣ್ಣೆ ಗೋಡೆಯಲ್ಲಿ ನಿಲ್ಲುವ ವಸ್ತುವಲ್ಲ ಎಂದು ಇಬ್ಬರಿಗೂ ಹೊಳೆಯಲಿಲ್ಲ, ಅಥವಾ ಹೊಳೆಯುವುದು ಬೇಡವಾಗಿತ್ತು. ಖಾಲಿ ಬ್ಯಾರಲ್‌ಗಳನ್ನು ಎತ್ತಿ, ಬಾಯಿಗೆ ಮಣ್ಣು ಮೆತ್ತಿದರು.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಬಾವಿಯ ನೀರು ಎರಡು ಆಳು ಮೇಲೆ ಬಂತು. ಸೀಗಿ ಹುಣ್ಣಿಮೆಯ ಮರುದಿನ ಹುಚ್ಚವ್ವ ಕೊಡ ಎತ್ತಿ, ಒಂದು ಬೊಗಸೆ ಬಾಯಿಗೆ ಹಾಕಿ, ಉಗಿದಳು.

"ಯಾವ ಹಾಟ್ಯಾ ಬಾವ್ಯಾಗ ಎಣ್ಣಿ ಸುರುವ್ಯಾನ?"

ಮಕ್ತುಮಬಿ ಪಕ್ಕದಲ್ಲೇ ಹಗ್ಗ ಹಿಡಿದು ನಿಂತಿದ್ದಳು. ನೀರಿನ ಮೇಲೆ ಬಣ್ಣ ಬಣ್ಣದ ತೆಳು ಕೆನೆ. ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಹೇಳಲಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಲಗೂರಪ್ಪ ಹಿತ್ತಲಿನಿಂದ ಬಂದು, "ಅಕ್ಕಾ, ಬಾಯಿ ಬಿಟ್ರ ನಾ ಜೇಲಿಗಿ ಹೋಗ್ತೇನ್ರಿ," ಎಂದು ಹೇಳಿ ಹಾಗೇ ಹೋದ.

ಮಕ್ತುಮಬಿ ಬಾಯಿ ಬಿಡದಿದ್ದರೂ ಅವಳ ಕೈ ಸುಮ್ಮನಿರಲಿಲ್ಲ. ಬೇಯಿಸದ ಅರಳೆ ನೀರಿನಲ್ಲಿ ತೇಲುತ್ತದೆ, ನೀರು ಕುಡಿಯುವುದಿಲ್ಲ. ಎಣ್ಣೆ ಕಂಡರೆ ಬಿಡುವುದಿಲ್ಲ. ಪಿಂಜಾರರ ಮನೆಯಲ್ಲಿ ಇದು ಹಾಲುಗೂಸಿಗೂ ಗೊತ್ತು. ಜಿನ್ನಿನ ಕಸರನ್ನು ತೆಳು ಬಟ್ಟೆಯಲ್ಲಿ ತಲೆದಿಂಬಿನಂತೆ ಹೊಲಿದು, ಹಗ್ಗ ಕಟ್ಟಿ, ಬಾವಿಗಿಳಿಸಿ ನೀರಿನ ಮೇಲೆ ಆ ದಡದಿಂದ ಈ ದಡಕ್ಕೆ ಎಳೆದಳು. ಮೇಲೆ ಬಂದಾಗ ಅದು ಕಂದಾಗಿ ಭಾರವಾಗಿತ್ತು. ನಾಲ್ಕು ದಿಂಬಿನಲ್ಲಿ ಕೆನೆ ಹೋಯಿತು. ಓಣಿಯವರು ನಿಂತು ನೋಡಿದರು, ಮಕ್ತುಮಬಿ ಇದ್ದದ್ದಕ್ಕೆ ಬಾವಿ ಉಳಿಯಿತು ಎಂದರು. ಅವಳು ತಲೆ ಎತ್ತದೆ ಹಗ್ಗ ಸುತ್ತಿಕೊಂಡು ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಕೆನೆ ಮತ್ತೆ ಇತ್ತು. ಅದರ ಮರುದಿನವೂ ಇತ್ತು. ಎರಡು ತಿಂಗಳು ಅವಳು ದಿನಾ ತೆಗೆದಳು, ದಿನಾ ಬಂತು. ತೂತು ಮುಚ್ಚದೆ ದೋಣಿಯ ನೀರು ಗೋರುವ ಕೆಲಸ. ಕೆನೆ ತೆಗೆದ ನೀರನ್ನೇ ಕೆಲವು ದಿನ ಕುಡಿದು ನೋಡಿದ ಹೆಂಗಸರು, ವಾಸನೆ ತಾಳದೆ, ಕುಡಿಯುವ ನೀರಿಗೆ ಅರ್ಧ ಮೈಲಿ ದೂರದ ಗೌಡರ ಬಾವಿಗೆ ನಡೆಯತೊಡಗಿದರು. ಅಲ್ಲಿಯೂ ಸರದಿ, ಅಲ್ಲಿಯೂ ಮಾತು. ಹುಚ್ಚವ್ವನಿಗೆ ಅಷ್ಟು ದೂರ ಆಗುತ್ತಿರಲಿಲ್ಲ. ಸೊಸೆ ಮಲಕವ್ವ ತಂದದ್ದನ್ನು ಮುಖ ಸಿಂಡರಿಸಿಕೊಂಡು ಕುಡಿಯುತ್ತಿದ್ದಳು.

ಬಾವಿ ಕೆಟ್ಟರೆ ಕೆಡಿಸಿದವನು ಒಬ್ಬ ಬೇಕು. ಓಣಿಯ ತಗ್ಗಿನ ತುದಿಯಲ್ಲಿ, ಬಾವಿಗಿಂತಲೂ ಕೆಳಗೆ, ಸೈಫುದ್ದೀನನ ಇಂಜಿನ್ ರಿಪೇರಿಯ ಛಪ್ಪರ ಇತ್ತು. ಮೂವತ್ತರ ಹುಡುಗ, ಉಗುರಿನ ಸಂದಿನ ಕಪ್ಪು ಹಬ್ಬದ ದಿನವೂ ಹೋದದ್ದಿಲ್ಲ. ತಗ್ಗಿನಲ್ಲಿ ಚೆಲ್ಲಿದ ಎಣ್ಣೆ ದಿಬ್ಬ ಹತ್ತಿ ಬಾವಿಗೆ ಬರುವುದಿಲ್ಲ ಎಂದು ಕಣ್ಣಿದ್ದವರಿಗೆ ಕಾಣುತ್ತಿತ್ತು. ಆದರೆ ಕೈ ಕಪ್ಪಾದವನೊಬ್ಬ ಸಿಕ್ಕ ಮೇಲೆ ಇಳಿಜಾರು ಯಾರು ನೋಡುತ್ತಾರೆ? ಪಂಚಾಯಿತಿಯವರು ಎರಡು ಮಾತು ಹೇಳಿಹೋದರು: ಬಾವಿ ಮುಚ್ಚಬೇಕು, ಛಪ್ಪರ ಕೀಳಬೇಕು.

ಛಪ್ಪರ ಕೀಳುವ ದಿನ ಆರೂ ಮನೆಯವರು ಹುಣಸಿಮರದ ಕೆಳಗೆ ಸೇರಿದರು. ಸೈಫುದ್ದೀನ ಪಾನಾ, ಸುತ್ತಿಗೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ. ವಾದ ಮಾಡಿ ದಣಿದಿದ್ದ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೆ ಎನ್ನುವ ಹಾಗೆ ಸತ್ಯವೂ ಒಂದು ದಿನ ಆ ಬಾವಿಯ ಕಟ್ಟೆಗೆ ಬರಲೇಬೇಕಾಗಿತ್ತು. ಮಕ್ತುಮಬಿ ಮುಂದೆ ಬಂದಳು.

"ಸೈಫ್ಯಾ, ಚೀಲಾ ಕೆಳಗಿಡು. ಎಣ್ಣಿ ನಿಂದಲ್ಲ. ನನ್ನ ಹಗೇವಿಂದು."

 ಅವಳೇ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಬ್ಯಾರಲ್ ಯಾರದು ಎಂದು ಮಾತ್ರ ಹೇಳಲಿಲ್ಲ. ಹಿಂದೆ ನಿಂತಿದ್ದ ಯಲಗೂರಪ್ಪ ತಲೆ ತಗ್ಗಿಸಿಕೊಂಡು ತಾನೇ ಮುಂದೆ ಬಂದ. ಅಷ್ಟರ ಮಟ್ಟಿಗೆ ಅವನು ತಾಯಿಯ ಮಗ.

ಹುಚ್ಚವ್ವ ಮಗನ ಕಡೆ ನೋಡಲಿಲ್ಲ. ಮಕ್ತುಮಬಿಯ ಮುಂದೆ ಬಂದು ನಿಂತಳು.

"ಎಣ್ಣಿ ಸೋರಿದ್ದಕ್ಕ ನಾ ಏನೂ ಅನ್ನೂದಿಲ್ಲ ಬೇ. ನಿನಗ ಗೊತ್ತಿತ್ತು. ಗೊತ್ತಿದ್ದೂ ದಿನಾ ನನ್ನ ಬಾಜೂಕ ನಿಂತು ಹಗ್ಗಾ ಜಗ್ಗಿದಿ."

ಅಂದಿನಿಂದ ಅವಳು ಮಕ್ತುಮಬಿಯ ಕಟ್ಟೆಗೆ ಬರುವುದು ಬಿಟ್ಟಳು. ಬತ್ತಿಗೆ ಅರಳೆಯನ್ನು ಸಂತೆಯಿಂದ ತರಿಸತೊಡಗಿದಳು. ಜೇಲು, ಕೇಸು, ಪಂಚಾಯಿತಿ ಯಾವುದೂ ಮಕ್ತುಮಬಿಯನ್ನು ಅಷ್ಟು ನೋಯಿಸುತ್ತಿರಲಿಲ್ಲ. ಸೈಫುದ್ದೀನನ ಛಪ್ಪರ ಉಳಿಯಿತು, ಓಣಿಯವರು ಕೇಸು ಮಾಡಲಿಲ್ಲ. ಬಾವಿ ಮುಚ್ಚಲು ಒಂದು ವರ್ಷ ತಡೆಯಿರಿ ಎಂದು ಅವಳು ಕೇಳಿದ್ದಕ್ಕೆ ಹೂಂ ಅಂದರು, ಪಂಚಾಯಿತಿಯವರನ್ನೂ ಒಪ್ಪಿಸಿದರು. ವರ್ಷದೊಳಗೆ ನೀರು ಕುಡಿಯುವಂತಾಗದಿದ್ದರೆ ಮಣ್ಣು ತುಂಬುವುದು.

ಮರುದಿನವೇ ಹಗೇವು ಒಡೆದರು. ಯಲಗೂರಪ್ಪ, ಸೈಫುದ್ದೀನ, ಅವಳು. ಸೈಫುದ್ದೀನನನ್ನು ಯಾರೂ ಕರೆದಿರಲಿಲ್ಲ. ತನ್ನ ಹೆಸರು ತೊಳೆಯುವ ಕೆಲಸ ತಾನೇ ನೋಡಬೇಕೆಂದು ಸಲಿಕೆ ಹಿಡಿದು ಬಂದ. ಕಣಕಿಯ ಹಿಂದೆ ಗೋಡೆ ಕಪ್ಪಗೆ ಜಿಗುಟಾಗಿತ್ತು. ನೀರು ಬೇಗ ಇಂಗುವ ಗರಸು ಮಣ್ಣಿನಲ್ಲಿ ಎಣ್ಣೆ ಬಾವಿಯ ದಿಕ್ಕಿಗೇ ಇಳಿದಿತ್ತು. ಕಲ್ಲು ಹತ್ತುವವರೆಗೆ ಅಗೆದು, ಇಪ್ಪತ್ತಾರು ಗಾಡಿ ಮಣ್ಣು ಯಲಗೂರಪ್ಪನ ಬೀಳು ಹೊಲಕ್ಕೆ ಸಾಗಿಸಿದರು.

"ಇದನ್ನ ಏನ್ ಮಾಡ್ತಿ ಚಾಚಿ? ಸುಡಬೇಕು, ಇಲ್ಲಾ ಹೂಳಬೇಕು," ಅಂದ ಸೈಫುದ್ದೀನ.

"ಹೂಳಿದ್ರ ಇನ್ನೊಬ್ಬರ ಬಾವಿ ಕೆಡತೈತಿ. ತಿಪ್ಪಿ ಹಾಕೂಣು."

"ಡೀಸಲ್ ಎಲ್ಲೆರೆ ಗೊಬ್ಬರ ಆಗತೈತೇನು?"

"ಜಿನ್ನಿನ ಹಿಂದ ಕಸರಿನ ತಿಪ್ಪಿ ನೋಡಿಯೇನು? ಇಂಜಿನ್ನಿನ ಎಣ್ಣಿ ಹತ್ತಿದ ಅರಳಿ, ಹತ್ತಿಕಾಳಿನ ಸಿಪ್ಪಿ, ಎತ್ತಿನ ಸಗಣಿ, ಎಲ್ಲಾ ಅಲ್ಲೇ ಒಗೀತಾರ. ಮುಂದಿನ ವರ್ಷ ತೋಟದವ್ರು ಅದನ್ನ ಹೇರಿಕೊಂಡ ಹೋಗ್ತಾರ. ಅದರಾಗ ಎಣ್ಣಿ ವಾಸನಿ ಇರೂದಿಲ್ಲ. ಎಂಟು ವರ್ಷ ಮೂಸಿ ನೋಡೇನಿ."

ಅದರೊಳಗೆ ಏನು ನಡೆಯುತ್ತದೆ, ಯಾವ ಕಣ್ಣಿಗೆ ಕಾಣದ ಜೀವ ಎಣ್ಣೆ ತಿನ್ನುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಿರುವಂತೆ ನಟಿಸಲೂ ಇಲ್ಲ. ಬಬಲೇಶ್ವರದಲ್ಲಿ ಶೇಂಗಾ ಒಡೆಯುವ ಮಷೀನಿನ ಹಿಂದೆ ಸಿಪ್ಪೆ ಗುಡ್ಡದಂತೆ ಬಿದ್ದಿರುತ್ತಿತ್ತು; ಗಾದಿ ತುಂಬಲು ಹೋದಾಗ ಕಂಡಿದ್ದಳು. ಅದನ್ನು ಎರಡು ಗಾಡಿ ತರಿಸಿದಳು. ರಾಶಿ ಮಾಡಿ ಉಳಿದ ಜೋಳದ ಹೊಟ್ಟು, ಕೊಟ್ಟಿಗೆಯ ಸಗಣಿ ಗಂಜಲ, ಜಿನ್ನಿನ ಕಸರು ಎಲ್ಲವನ್ನೂ ಮಣ್ಣಿಗೆ ಬೆರೆಸಿ, ಮೊಣಕಾಲೆತ್ತರದ ಮಡಿ ಮಾಡಿ ನೀರು ಚಿಮುಕಿಸಿದರು. ಎಂಟು ದಿನಕ್ಕೊಮ್ಮೆ ಮಗುಚುವುದು, ಆರಿದರೆ ನೀರು, ಹೆಚ್ಚಾದರೆ ಹೊಟ್ಟು. ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರ ಸೈಫುದ್ದೀನ ಮಡಿಯೊಳಗೆ ಕೈ ತೂರಿಸಿ ಹೊರಗೆಳೆದುಕೊಂಡ. ಒಳಗೆ ಬಿಸಿ ಇತ್ತು.

ಬಾವಿಯ ಕೆಲಸ ಬೇರೆ. ಯಲಗೂರಪ್ಪ ತನ್ನ ಇಂಜಿನ್ನನ್ನೇ ತಂದು ಕೂಡಿಸಿ ತಿಂಗಳಿಗೆರಡು ಸಲ ಬಾವಿ ಬಗ್ಗಡದವರೆಗೆ ಖಾಲಿ ಮಾಡುತ್ತಿದ್ದ. ಆ ನೀರು ಹರಿದುಹೋಗುವ ಕಾಲುವೆಗೆ ಮಕ್ತುಮಬಿ ಶೇಂಗಾ ಸಿಪ್ಪೆ, ಅರಳೆ ಹಾಸಿದಳು. ಊರಿಬಂದ ಹೊಸ ನೀರಿನ ಮೇಲೆ ಮತ್ತೆ ದಿಂಬು ಎಳೆದಳು. ಎಣ್ಣೆ ಕುಡಿದ ದಿಂಬುಗಳೂ ಮಡಿಗೇ ಹೋದವು. ಕೆನೆ ದಿನಾ ಬರುವುದು ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ. ತೊರವಿಯಿಂದ ಅಬೇದಾ ಬಂದು, ಈ ಓಣಿ ಸಾಕು, ನನ್ನ ಜೊತೆ ಬಾ ಅಂದಳು. ಅರ್ಧ ಹಿಂಜಿದ ಅರಳೆ ಬಿಟ್ಟು ಯಾರಾದರೂ ಏಳುತ್ತಾರೆಯೆ ಎಂದು ಮಕ್ತುಮಬಿ ಮಗಳಿಗೆ ಚಹಾ ಮಾಡಿ ಕುಡಿಸಿ ಬಸ್ಸು ಹತ್ತಿಸಿದಳು.

ಎಪ್ಪತ್ತೈದರ ಬೇಸಿಗೆಯಲ್ಲಿ ಹುಚ್ಚವ್ವ ಹಾಸಿಗೆ ಹಿಡಿದಳು. ವಯಸ್ಸು, ಬಿಸಿಲು, ಜ್ವರ. ಊಟ ಬಿಟ್ಟು ಐದು ದಿನವಾಗಿತ್ತು. ಆರನೆಯ ಬೆಳಿಗ್ಗೆ ಯಲಗೂರಪ್ಪ ತಂಬಿಗೆ ಹಿಡಿದು ಬಂದ.

"ಅವ್ವ ಹುಣಸಿಬಾವಿ ನೀರ ಕೇಳಾಕತ್ತಾಳ್ರಿ ಅಕ್ಕಾ. ಬ್ಯಾರೆ ನೀರ ಬಾಯಾಗ ಹಾಕಿದ್ರ ಉಗಳತಾಳ."

ಮಕ್ತುಮಬಿ ಬಾವಿಗೆ ಹೋಗಿ ಸೇದಿದಳು. ತಂಬಿಗೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ನೀರು ತಿಳಿಯಾಗಿತ್ತು. ಅಂಚಿನಲ್ಲಿ ಕೂದಲೆಳೆಯಷ್ಟು ಬಣ್ಣ ಇತ್ತು. ಮೂಸಿದಳು. ತಂಬಿಗೆಯ ನೀರನ್ನು ಕಾಲುವೆಯ ಸಿಪ್ಪೆಯ ಮೇಲೆ ಸುರಿದಳು.

"ಇದು ಇನ್ನೂ ಆಗಿಲ್ಲ."

"ಸಾಯಾಕಿಗಿ ಏನ್ ಆಗತೈತ್ರಿ? ಎರಡ ಗುಟುಕು. ಆಶಾ ತೀರತೈತಿ."

"ಸಾಯಾಕಿಗಿ ಒಂದು ನೀರು, ಬದಕಾಕಿಗಿ ಒಂದು ನೀರು ಅಂತ ಇಲ್ಲೋ ತಮ್ಮಾ. ಒಮ್ಮಿ ನನಗ ಗೊತ್ತಿದ್ದೂ ಆಕಿಗಿ ಕುಡಿಸೇನಿ. ಮತ್ತ ಕುಡಸೂದಿಲ್ಲ."

ಗೌಡರ ಬಾವಿಗೆ ನಡೆದು ಹೋಗಿ ತಂಬಿಗೆ ತುಂಬಿಕೊಂಡು ಬಂದಳು. ಐದು ತಿಂಗಳ ಮೇಲೆ ಮೊದಲ ಸಲ ಹುಚ್ಚವ್ವನ ಮನೆಯ ಹೊಸಿಲು ದಾಟಿದಳು. ಮಲಕವ್ವ ಅತ್ತೆಯ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಮುದುಕಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಹುಣಸಿಬಾವಿಯದು ಎಂದಿದ್ದರೆ ನಂಬಿಕೊಂಡು ಕುಡಿಯುತ್ತಿದ್ದಳು.

"ಯವ್ವಾ, ಇದು ಗೌಡರ ಬಾವಿ ನೀರು. ನಮ್ಮ ಬಾವಿ ಇನ್ನೂ ಆಗಿಲ್ಲ."

ಹುಚ್ಚವ್ವ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಇನ್ನ ಎಷ್ಟ ದಿನಾ?"

"ಆರ ತಿಂಗಳರೆ ಬೇಕ್ರಿ."

"ನನ್ನ ಹಂತೇಕ ಅಷ್ಟ ಇಲ್ಲ ಬೇ."

"ಗೊತ್ತೈತ್ರಿ."

 ಆಮೇಲೆ ಹುಚ್ಚವ್ವ, "ನೀನ ಕುಡಸು," ಅಂದಳು. ಮಕ್ತುಮಬಿ ಚಮಚೆಯಿಂದ ಕುಡಿಸಿದಳು. ಮುದುಕಿ ಉಗಿಯಲಿಲ್ಲ. ಎರಡು ದಿನದ ಮೇಲೆ ತೀರಿಕೊಂಡಳು.

ಓಣಿಯಲ್ಲಿ ಮಾತಾಯಿತು. ಕಲ್ಲು ಮನಸ್ಸಿನವಳು, ಸಾಯುವವಳ ಬಾಯಿಗೆ ಎರಡು ಹನಿ ಬಿಡಲಿಲ್ಲ, ಅಷ್ಟು ದಿನ ಎಣ್ಣೆ ಕುಡಿಸುವಾಗ ಇಲ್ಲದ ನೇಮ ಈಗ ಎಲ್ಲಿಂದ ಬಂತು ಎಂದರು.  ಸರಿಯಾದದ್ದನ್ನು ಮಾಡಿದೆ ಎಂಬ ಸಮಾಧಾನ ಮಕ್ತುಮಬಿಗೆ ಇರಲಿಲ್ಲ. ದುಃಖವಿತ್ತು, ತನ್ನ ಮೇಲೆಯೇ ಸಿಟ್ಟಿತ್ತು. ಕಮಾನಿನ ಮುಂದೆ ಕುಳಿತರೆ ಕೈ ಓಡುತ್ತಿರಲಿಲ್ಲ. ಆದರೂ ಎಂಟು ದಿನಕ್ಕೊಮ್ಮೆ ಹೊನವಾಡ ದಾರಿಯ ಬಸ್ಸು ಹತ್ತಿ ಹೋಗಿ ಮಡಿ ಮಗುಚಿ ಬರುತ್ತಿದ್ದಳು.

ಆ ಮಳೆಗಾಲದಲ್ಲಿ ಮಡಿಯ ಮೇಲೆ ಹುಲ್ಲು ಹುಟ್ಟಿತು. ಹಿಂಗಾರಿಗೆ ಯಲಗೂರಪ್ಪ ಆ ಮಣ್ಣನ್ನು ಹರಡಿ ನಾಲ್ಕು ಸಾಲು ಜೋಳ ಹಾಕಿ ನೋಡಿದ. ಬಂತು, ಬೇರೆ ಕಡೆಗಿಂತ ಗೇಣು ಗಿಡ್ಡ. ಮಳೆಗೆ ಬಾವಿಯ ನೀರು ಏರಿದಾಗ ಎಲ್ಲರೂ ಬಗ್ಗಿ ನೋಡಿದರು. ಎರಡು ಸಲ ಕೆನೆ ಬಂತು, ಅವಳು ತೆಗೆದಳು, ಆಮೇಲೆ ಬರಲಿಲ್ಲ. ನೀರು ಶುದ್ಧವಾಯಿತು ಎಂದು ಸೈಫುದ್ದೀನ ದೀಪಾವಳಿಗೇ ಹೇಳಿದ. ಅವಳು ಹೂಂ ಅನ್ನಲಿಲ್ಲ. ವಾಸನೆ ಪೂರ್ತಿ ಹೋದ ಮೇಲೂ ಒಂದು ತಿಂಗಳು, ಯಾರಿಗೂ ಹೇಳದೆ, ತಾನೊಬ್ಬಳೇ ಆ ನೀರು ಕುಡಿದಳು.

ಕೊಟ್ಟ ವರ್ಷ ಮುಗಿಯಲು ಮೂರು ದಿನ ಇರುವಾಗ, ಪಂಚಾಯಿತಿಯ ಮಣ್ಣಿನ ಗಾಡಿಯ ಮಾತು ಮತ್ತೆ ಎದ್ದಿತು. ಅಂದು ಬೆಳಿಗ್ಗೆ ಹೆಂಗಸರು ಕೊಡ ಹಿಡಿದು ಗೌಡರ ಬಾವಿಗೆ ಹೊರಟಿದ್ದರು. ಮಕ್ತುಮಬಿ ಬಾವಿಕಟ್ಟೆಯ ಮೇಲೆ ನಿಂತು, "ಆಗೇತಿ. ಕುಡೀರಿ," ಅಂದಳು.

ಹೆಂಗಸರು ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಜಾಪುರದಿಂದ ಡಾಕ್ಟರನ್ನು ಕರೆಸಿ ನೀರು ತೋರಿಸೋಣ ಎಂದು ಒಬ್ಬಳು, ಮೊದಲು ದನಕ್ಕೆ ಕುಡಿಸಿ ನೋಡೋಣ ಎಂದು ಇನ್ನೊಬ್ಬಳು. ಮಲಕವ್ವ ಗುಂಪಿನಿಂದ ಹೊರಬಂದು ಕಟ್ಟೆ ಹತ್ತಿದಳು.

"ನಮ್ಮತ್ತಿ ಸಾಯೂ ಮುಂದ ಕೇಳಿದ್ದಕ್ಕ ಇಲ್ಲ ಅಂದಾಕಿ ಈಕಿ. ಇವತ್ತ ತಾನ ಹೂಂ ಅಂದಾಳ. ಮತ್ತ ಯಾರನ್ನ ಕೇಳೂದೈತಿ?" ಎಂದು ಹೇಳಿ, ಕೊಡದ ಕೊರಳಿಗೆ ಹಗ್ಗ ಹಾಕಿ ಬಾವಿಗೆ ಬಿಟ್ಟಳು.